ಗೋಡೆಗಳ ನಡುವಿನ ಜಾಗ



ನಮ್ಮ ನಂಗವಳ್ಳಿಗೆ ಹತ್ತಿರದಲ್ಲೇ ಇರುವ ಮೇಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ಕಾವೇರಿ ದಡದ ಹಲವು ಊರುಗಳು ಮುಳುಗಿದವು. ಜನ ಮನೆಮಠ ಬಿಟ್ಟು ಬೇರೆಡೆ ನೆಲೆಸಿದರು. ಈಗಲೂ ಅಣೆಯ ನೀರು ತುಂಬಾ ಇಳಿದಾಗ ಪಣ್ಣವಾಡಿ ಬಳಿ ಜಲಕಂಠೇಶ್ವರ ಗುಡಿಯ ನಂದಿಯೂ ಹಳೆಯ ಕ್ರೈಸ್ತ ದೇವಾಲಯದ ಗೋಪುರವೂ ಮೇಲೆ ಕಾಣುತ್ತವೆ. ನೋಡಲು ಜನ ಬರುತ್ತಾರೆ, ಆದರೆ ಬಲಿಪೂಜೆಗೆ ಯಾರೂ ಸೇರುವುದಿಲ್ಲ. ಹಾಗಾದರೆ ದೇವಾಲಯ ಎಂದರೆ ಕಲ್ಲೋ, ಕಲ್ಲುಗಳ ನಡುವಿನ ಜಾಗವೋ?

ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. ಪ್ರಾಚೀನ ರೋಮನ್ನರ ಗುಡಿಯಲ್ಲಿ ಒಳಕೋಣೆ ಇದ್ದದ್ದು ದೇವತೆಯ ವಿಗ್ರಹಕ್ಕೆ. ಬಲಿಪೀಠ ಹೊರಗಿತ್ತು, ಜನರೂ ಹೊರಗೇ ನಿಲ್ಲುತ್ತಿದ್ದರು. ಕ್ರೈಸ್ತರಿಗಾದರೋ ವಾಕ್ಯ ಕೇಳಲು, ರೊಟ್ಟಿ ಮುರಿಯಲು ಎಲ್ಲರೂ ಒಟ್ಟಾಗಿ ಕೂಡಬೇಕಿತ್ತು. ಮೊದಮೊದಲು ಮನೆಗಳಲ್ಲಿ ಸೇರುತ್ತಿದ್ದರು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ಸ್ವಾತಂತ್ರ್ಯ ಸಿಕ್ಕ ಮೇಲೆ ದೊಡ್ಡ ದೇವಾಲಯಗಳನ್ನು ಕಟ್ಟಿದರು. ಆಗ ಅವರು ಆರಿಸಿಕೊಂಡ ಮಾದರಿ ಗುಡಿಯದಲ್ಲ. ನ್ಯಾಯ, ವ್ಯಾಪಾರ ನಡೆಯುತ್ತಿದ್ದ 'ಬಸಿಲಿಕಾ' ಎಂಬ ಸಭಾಂಗಣದ್ದು. ಅದರಲ್ಲಿ ಕಂಬಗಳ ಸಾಲು ಎರಡು ಪಕ್ಕದಲ್ಲಿ. ನಡುವೆ ಉದ್ದಕ್ಕೂ ತೆರೆದ ಜಾಗ. ರೋಮಿನ ಲ್ಯಾಟರನ್ ಮಹಾದೇವಾಲಯ ಹೀಗೆಯೇ ಎದ್ದಿತು.

ಮುಂದೆ ಯೂರೋಪಿನ ಗಾಥಿಕ್ ಶಿಲ್ಪಿಗಳು ಆ ಜಾಗವನ್ನು ಮೇಲಕ್ಕೆ ಎತ್ತಿದರು. ಚೂಪು ಕಮಾನುಗಳು, ಕಂಬಗಳು, ಹೊರಗಿನ ಆನಿಕೆಗಳು ಚಾವಣಿಯ ಭಾರ ಹೊತ್ತವು. ಗೋಡೆಯ ಭಾರ ಕಡಿಮೆಯಾಯಿತು. ಅಲ್ಲಿ ದೊಡ್ಡ ಕಿಟಕಿಗಳನ್ನು ತೆರೆದು ಬೆಳಕು ತಂದರು. 1933ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಸಂತ ಫಿಲೋಮಿನಾ ದೇವಾಲಯ ಈ ಶೈಲಿಯದು. ಹೊರಗೆ ನಿಂತವರು ಅದರ ಜೋಡಿ ಗೋಪುರ ನೋಡುತ್ತಾರೆ. ಒಳಗೆ ಕಾಲಿಟ್ಟವರ ಕಣ್ಣು ನಡುವಿನ ಎತ್ತರದ ಜಾಗದುದ್ದಕ್ಕೂ ಸಾಗಿ ಬಲಿಪೀಠ ಮುಟ್ಟುತ್ತದೆ.

ಜೆರುಸಲೇಮಿನಲ್ಲಂತೂ ಕ್ರೈಸ್ತರು ಒಂದು ಬರಿದಾದ ಸಮಾಧಿಯ ಸುತ್ತಲೇ ದೇವಾಲಯ ಕಟ್ಟಿದರು. ಅಲ್ಲಿ ಏನೂ ಇಲ್ಲದಿರುವುದೇ ನಮ್ಮ ವಿಶ್ವಾಸದ ಸಾಕ್ಷಿ.

ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ಕಟ್ಟಡ 'ದೇವಾಲಯ', ಕ್ರಿಸ್ತರಲ್ಲಿ ಒಂದಾದ ಜನ 'ಧರ್ಮಸಭೆ'. ನೀರು ಕಟ್ಟಡವನ್ನು ಮುಳುಗಿಸಬಹುದು, ಸಭೆ ಬೇರೆ ಕಡೆ ಮತ್ತೆ ಸೇರಬಲ್ಲದು. ಆದರೆ ಸಭೆ ಸೇರುವುದನ್ನು ಬಿಟ್ಟರೆ, ನೀರು ಬರದಿದ್ದರೂ ದೇವಾಲಯ ಪಣ್ಣವಾಡಿಯ ಗೋಪುರದಂತಾಗುತ್ತದೆ. ಓದು, ಕೆಲಸ ಎಂದು ನಮ್ಮಲ್ಲಿ ಅನೇಕರು ಬೆಂಗಳೂರು, ತಿರುಪ್ಪೂರು ಸೇರಿದ್ದೇವೆ. ಎಲ್ಲಿದ್ದರೂ ಭಾನುವಾರ ಹತ್ತಿರದ ದೇವಾಲಯಕ್ಕೆ ಹೋಗೋಣ. ಗೋಡೆಗಳ ನಡುವೆ ಆ ಜಾಗ ಬಿಟ್ಟಿರುವುದು ನಮಗಾಗಿಯೇ.