ಗರಡಿ ಮತ್ತು ಕತ್ತಿವರಸೆ: ತುಳುನಾಡು, ಜಪಾನ್

ಗರಡಿ ಎಂದರೆ ಕುಸ್ತಿ, ದೊಣ್ಣೆವರಸೆ, ಕತ್ತಿವರಸೆಗಳನ್ನು ಕಲಿಸುವ ಸಾಧನೆಯ ಮನೆ. ಮೈಸೂರು, ದಾವಣಗೆರೆಯಂಥ ಊರುಗಳಲ್ಲಿ ಅದು ಪೈಲ್ವಾನರ ಅಖಾಡವಾಗಿ ಉಳಿದಿದೆ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಗರಡಿ ಎಂದೊಡನೆ ಜನರ ಮನಸ್ಸಿಗೆ ಬರುವುದು ಕೋಟಿ-ಚೆನ್ನಯರ ಗುಡಿ. ತುಳುವರು ಅದನ್ನು ಗರೋಡಿ ಎನ್ನುತ್ತಾರೆ. ಆಯುಧ ಕಲಿಸುತ್ತಿದ್ದ ಜಾಗ ಆಯುಧವನ್ನು ಪೂಜಿಸುವ ಜಾಗವಾದದ್ದೇ ಈ ನಾಡಿನ ಕತ್ತಿವರಸೆಯ ಇತಿಹಾಸದ ಮುಖ್ಯ ತಿರುವು.

ಈ ಸೀಮೆಯನ್ನು ಹಿಂದೆ ಆಳಿದವರು ಸಣ್ಣ ಸಣ್ಣ ಅರಸು ಮನೆತನಗಳು. ಬಂಗಾಡಿ, ನಂದಾವರಗಳಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಮೂಡುಬಿದಿರೆ, ಪುತ್ತಿಗೆ, ಉಳ್ಳಾಲಗಳಲ್ಲಿ ಚೌಟರು ಇದ್ದರು. ಅವರ ಕೆಳಗೆ ಬೀಡುಗಳ ಬಲ್ಲಾಳರಿದ್ದರು. ಗಡಿಜಗಳಗಳು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಆಯುಧ ಬಲ್ಲ ಆಳುಗಳು ಪ್ರತಿ ಬೀಡಿಗೂ ಬೇಕಾಗಿದ್ದರು.

ಕೋಟಿ-ಚೆನ್ನಯರ ಕಥೆ ಹುಟ್ಟಿದ್ದು ಇಂಥ ಹಿನ್ನೆಲೆಯಲ್ಲಿ. ಪಡುಮಲೆಯ ಬಲ್ಲಾಳನ ಕಾಯಿಲೆ ವಾಸಿಮಾಡಿದ ದೇಯಿ ಬೈದೆತಿಯ ಅವಳಿ ಮಕ್ಕಳಾದ ಇವರು ಬಿಲ್ಲವ ಸಮುದಾಯದವರು. ಗದ್ದೆಯ ವಿಷಯದಲ್ಲಿ ಮಂತ್ರಿ ಬುದ್ಯಂತನೊಡನೆ ಎದ್ದ ಜಗಳ ಅವನ ಕೊಲೆಯಲ್ಲಿ ಮುಗಿಯಿತು. ಅಣ್ಣತಮ್ಮಂದಿರು ಪಡುಮಲೆ ಬಿಟ್ಟು ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಹೋದರು. ಎಣ್ಮೂರು ಬಲ್ಲಾಳನ ಪರವಾಗಿ ಹೋರಾಡಿ ಸತ್ತರು. ಕೆಲವು ವಿದ್ವಾಂಸರು ಇವರ ಕಾಲವನ್ನು 16ನೇ ಶತಮಾನ ಎನ್ನುತ್ತಾರೆ. ಕಥೆ ಶತಮಾನಗಳ ಕಾಲ ಉಳಿದದ್ದು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರೂ ದೈವದ ಕಟ್ಟಿನವರೂ ಹಾಡುವ ಪಾಡ್ದನಗಳಲ್ಲಿ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳ ಸಂಗ್ರಹವೊಂದನ್ನು ಅಚ್ಚುಮಾಡಿಸಿದರು. ಕನ್ನಡ ಓದುಗರಿಗೆ ಈ ಕಥೆಯನ್ನು ಹತ್ತಿರ ತಂದವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ಅವರ ‘ಕೋಟಿ ಚೆನ್ನಯ’ ಹಲವು ತಲೆಮಾರುಗಳ ಮಕ್ಕಳ ಓದಾಯಿತು.

ವೀರರು ಸತ್ತ ಮೇಲೆ ಊರೂರಿನಲ್ಲಿ ಅವರ ಹೆಸರಿನ ಗರಡಿಗಳು ಎದ್ದವು. 66 ಗರಡಿ, 33 ತಾವು ಎಂಬುದು ಪರಂಪರೆಯ ಲೆಕ್ಕ. ಗರಡಿಯಲ್ಲಿ ಬೆರ್ಮೆರ್ ಎಂದು ಕರೆಯುವ ಬ್ರಹ್ಮನ ಸಾನ್ನಿಧ್ಯವಿರುತ್ತದೆ, ಜೊತೆಗೆ ಬೈದೆರ್ಲು ಎನಿಸಿದ ಕೋಟಿ-ಚೆನ್ನಯರು ಇರುತ್ತಾರೆ. ವರ್ಷಕ್ಕೊಮ್ಮೆ ರಾತ್ರಿಯಿಡೀ ನಡೆಯುವ ನೇಮದಲ್ಲಿ ದರ್ಶನ ಬಂದ ಪಾತ್ರಿಗಳು ಸುರಿಯ ಎಂಬ ಕಿರುಗತ್ತಿ ಹಿಡಿದು, ಅದನ್ನು ಹೊಟ್ಟೆಗೆ ಒತ್ತಿಕೊಂಡು ಆವೇಶದಿಂದ ಹೆಜ್ಜೆಹಾಕುತ್ತಾರೆ. ನೋಡುವವರಿಗೆ ಅದು ಪ್ರದರ್ಶನವಲ್ಲ. ಅಲ್ಲಿ ಗೆಲುವು ಸೋಲುಗಳಿಲ್ಲ, ಎದುರಾಳಿಯೂ ಇಲ್ಲ. ಆದರೂ ಆಯುಧವನ್ನು ಹಿಡಿಯುವ ಬಗೆ, ಮುಂದೆ ಹಿಂದೆ ಸರಿಯುವ ಹೆಜ್ಜೆ, ಜೋಡಿಯಾಗಿ ಚಲಿಸುವ ಲಯ ಇವೆಲ್ಲ ಅಲ್ಲಿ ಜೀವಂತವಾಗಿವೆ.

ಕತ್ತಿ ಬಳಕೆಯಿಂದ ಹಿಂದೆ ಸರಿದದ್ದಕ್ಕೆ ರಾಜಕೀಯ ಕಾರಣವೂ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. 1837ರಲ್ಲಿ ಕಲ್ಯಾಣಸ್ವಾಮಿ ಎಂಬಾತನ ಹೆಸರಿನಲ್ಲಿ ಎದ್ದ ಅಮರ ಸುಳ್ಯದ ದಂಗೆಯಲ್ಲಿ ರೈತರ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ದಾರಿಯಾಗಿ ನಡೆದು ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡಿತು. ಎರಡು ವಾರ ತುಂಬುವುದರೊಳಗೆ ದಂಗೆ ಮುರಿದುಬಿತ್ತು. ಅದರಲ್ಲಿ ಸೇರಿದ್ದ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 1878ರ ಶಸ್ತ್ರಾಸ್ತ್ರ ಕಾಯ್ದೆ ಆಯುಧಕ್ಕೆ ಪರವಾನಗಿಯ ಕಟ್ಟು ಹಾಕಿತು.

ಅದಕ್ಕೆ ಎರಡೇ ವರ್ಷ ಮೊದಲು, 1876ರಲ್ಲಿ, ಜಪಾನಿನ ಮೇಯ್ಜಿ ಸರ್ಕಾರ ಸಮುರಾಯಿಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತ್ತು. ಆದರೆ ಅಲ್ಲಿ ಕತ್ತಿವರಸೆ ಬೇರೆ ದಾರಿ, ಪಂದ್ಯದ ದಾರಿ, ಹಿಡಿಯಿತು. ಅದಕ್ಕೆ ಬೇಕಾದ ಸಾಧನಗಳು ಆ ಹೊತ್ತಿಗೆ ಸಿದ್ಧವಾಗಿದ್ದವು. 1600ರ ಸೆಕಿಗಾಹಾರಾ ಕದನದ ನಂತರ ಬಂದ ದೀರ್ಘ ಶಾಂತಿಯಲ್ಲಿ ಗುರುಮನೆಗಳು ಕತ್ತಿವಿದ್ಯೆಯನ್ನು ಶಾಸ್ತ್ರವಾಗಿ ಬೆಳೆಸಿದ್ದವು. ಮೊದಲು ಅಭ್ಯಾಸ ನಡೆಯುತ್ತಿದ್ದದ್ದು ಮರದ ಕತ್ತಿಯಿಂದ, ಗೊತ್ತುಪಡಿಸಿದ ವರಸೆಗಳಲ್ಲಿ. 18ನೇ ಶತಮಾನದಲ್ಲಿ ನಾಗಾನುಮಾ, ನಾಕಾನಿಶಿ ಮೊದಲಾದ ಗುರುಗಳು ಬಿದಿರ ಸೀಳುಗಳ ಶಿನಾಯ್ ಮತ್ತು ಮುಖ, ಕೈ, ಎದೆಗಳ ಕವಚವನ್ನು ರೂಢಿಗೆ ತಂದರು. ಪೂರ್ಣ ಬಲದಿಂದ ಹೊಡೆದರೂ ಎದುರಾಳಿ ಗಾಯಗೊಳ್ಳದ ಈ ಏರ್ಪಾಡಿಲ್ಲದೆ ಪಂದ್ಯ ಎಂಬುದೇ ಸಾಧ್ಯವಾಗುತ್ತಿರಲಿಲ್ಲ.

1873ರಲ್ಲಿ ಸಾಕಾಕಿಬಾರಾ ಕೆಂಕಿಚಿ ಎಂಬ ಗುರು, ಉದ್ಯೋಗ ಕಳೆದುಕೊಂಡ ಕತ್ತಿಯಾಳುಗಳನ್ನು ಕೂಡಿಸಿ ಟೋಕಿಯೋದಲ್ಲಿ ಸುಮೋ ಪಂದ್ಯದ ಮಾದರಿಯಲ್ಲಿ ಟಿಕೆಟ್ ಇಟ್ಟು ಕಾಳಗಗಳನ್ನು ನಡೆಸಿದ. ವಿದ್ಯೆ ಆಟದ ಮೇಳವಾಯಿತೆಂಬ ಟೀಕೆ ಬಂದರೂ ವಿದ್ಯೆ ಉಳಿಯಲು ಅದು ನೆರವಾಯಿತು. 1895ರಲ್ಲಿ ಕ್ಯೋಟೋದಲ್ಲಿ ದಾಯ್ ನಿಪ್ಪೋನ್ ಬುತೊಕುಕಾಯ್ ಎಂಬ ಸಮರಕಲೆಗಳ ಸಂಸ್ಥೆ ಸ್ಥಾಪನೆಯಾಗಿ, ವಾರ್ಷಿಕ ಪ್ರದರ್ಶನಗಳ ಪರಂಪರೆ ಶುರುವಾಯಿತು. 1912ರಲ್ಲಿ ಎಲ್ಲ ಗುರುಮನೆಗಳಿಗೂ ಒಪ್ಪಿಗೆಯಾಗುವ 10 ವರಸೆಗಳನ್ನು ಗೊತ್ತುಪಡಿಸಿದರು: 7 ಉದ್ದ ಕತ್ತಿಯವು, 3 ಗಿಡ್ಡ ಕತ್ತಿಯವು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಆಡಳಿತ ಕೆಂಡೋ ಎನಿಸಿಕೊಂಡ ಈ ಕತ್ತಿವಿದ್ಯೆಯನ್ನು ತಡೆಹಿಡಿಯಿತು. 1952ರಲ್ಲಿ ಅಖಿಲ ಜಪಾನ್ ಕೆಂಡೋ ಒಕ್ಕೂಟ ಹುಟ್ಟಿ, ಮರುವರ್ಷ ರಾಷ್ಟ್ರೀಯ ಪಂದ್ಯಾವಳಿ ಆರಂಭವಾಯಿತು. ಮೊದಲ ವಿಶ್ವ ಪಂದ್ಯಾವಳಿ 1970ರದ್ದು.

ಕೆಂಡೋ ಪಂದ್ಯಕ್ಕೆ ಸಾಮಾನ್ಯವಾಗಿ 5 ನಿಮಿಷ, ಮೂರರಲ್ಲಿ ಎರಡು ಅಂಕ ಪಡೆದವರಿಗೆ ಜಯ. ತಲೆ, ಮಣಿಕಟ್ಟು, ಪಕ್ಕೆ, ಗಂಟಲು ಮಾತ್ರ ಗುರಿ. ಕೆಂಪು, ಬಿಳಿ ಬಾವುಟ ಹಿಡಿದ ಮೂವರು ತೀರ್ಪುಗಾರರಿರುತ್ತಾರೆ. ಹೊಡೆತ ತಗುಲಿದರಷ್ಟೇ ಸಾಲದು. ಕೂಗು, ಕತ್ತಿ, ಹೆಜ್ಜೆ ಒಂದಾಗಿರಬೇಕು, ಹೊಡೆದ ನಂತರವೂ ಎಚ್ಚರ ಸಡಿಲಬಾರದು. ಅಂಕ ಸಿಕ್ಕಿತೆಂದು ಕೈಯೆತ್ತಿ ಕುಣಿದವರ ಅಂಕ ರದ್ದಾಗುತ್ತದೆ. ಆಧುನಿಕ ಕ್ರೀಡೆಗಳಲ್ಲಿ ಇಷ್ಟು ಕಠಿಣವಾದ ಶಿಷ್ಟಾಚಾರ ವಿರಳ. ಕತ್ತಿಯನ್ನು ಒರೆಯಿಂದ ಸೆಳೆದು ಬೀಸಿ ಮತ್ತೆ ಒರೆಗೆ ಸೇರಿಸುವ ಇಯಾಯ್ದೋ ಎಂಬ ಇನ್ನೊಂದು ಶಾಖೆಯಲ್ಲಿ ಎದುರಾಳಿಯೇ ಇರುವುದಿಲ್ಲ. ಗರಡಿಯ ಪಾತ್ರಿಯ ಏಕಾಗ್ರತೆಗೆ ಜಪಾನಿನಲ್ಲಿ ತೀರ ಹತ್ತಿರವಾದದ್ದನ್ನು ಹುಡುಕಿದರೆ ಅದು ಇಲ್ಲಿ ಸಿಗುತ್ತದೆ.

ಕರಾವಳಿಗೆ ಜಪಾನಿನ ಸಮರಕಲೆ ಬಂದದ್ದು ಮುಖ್ಯವಾಗಿ ಕರಾಟೆಯ ರೂಪದಲ್ಲಿ. ಶಾಲೆ ಬಿಟ್ಟ ಮೇಲೆ ನಡೆಯುವ ತರಗತಿಗಳು, ಬೆಲ್ಟ್ ಪರೀಕ್ಷೆ, ಕಟಾ ಎಂಬ ಗೊತ್ತಾದ ವರಸೆಗಳ ಮತ್ತು ಕುಮಿಟೆ ಎಂಬ ಎದುರುಬದುರು ಕಾಳಗದ ಸ್ಪರ್ಧೆಗಳು ಈಗ ಸಣ್ಣ ಪೇಟೆಗಳಿಗೂ ಪರಿಚಿತ. ಕತ್ತಿ ಕರಾಟೆಯ ಆಯುಧವಲ್ಲ. ಅದನ್ನು ವೇದಿಕೆಗೆ ತರುವ ಶಾಲೆ ಪ್ರತ್ಯೇಕ ಗುರುವಿನಿಂದ ಪ್ರತ್ಯೇಕ ಅಭ್ಯಾಸ ಮಾಡಿಸಬೇಕು. ಕರಾಟೆಗಿಂತಲೂ ಹಳೆಯ ಪ್ರದರ್ಶನ ಪರಂಪರೆ ಕರಾವಳಿಯ ತಾಲೀಮು. ದಸರಾ, ಮೊಸರುಕುಡಿಕೆ ಮೆರವಣಿಗೆಗಳಲ್ಲಿ ತಾಲೀಮು ತಂಡಗಳು ದೊಣ್ಣೆ, ಕತ್ತಿ, ಬೆಂಕಿಯ ಕಸರತ್ತು ತೋರಿಸುತ್ತವೆ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ವಿದ್ಯಾರ್ಥಿಗಳು ತಮ್ಮ ‘ಸಾಂಸ್ಕೃತಿಕ ವೈಭವ’ ಕಾರ್ಯಕ್ರಮದಲ್ಲಿ ಮಲ್ಲಕಂಬ, ಮಣಿಪುರದ ಕೋಲಾಟಗಳನ್ನು ಸಾವಿರಾರು ಜನರ ಮುಂದೆ ಆಡುತ್ತಾರೆ. ಒಂದು ವಿದ್ಯಾಸಂಸ್ಥೆ ದೇಶದ ದೂರದ ಮೂಲೆಯ ಅಂಗಸಾಧನೆಯನ್ನು ಕಲಿಸಿ ಮೆರೆಸಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ಹಳೆಯ ಬದುಕಿನ ವಸ್ತುಗಳನ್ನು ಕೂಡಿಸಿಟ್ಟಿದೆ. ಪಾಡ್ದನದ ಮಾತುಗಳು ಬರಹಕ್ಕಿಳಿದಿವೆ. ಆಯುಧದ ಹೆಜ್ಜೆಗಳಿಗೂ ಅಂಥ ದಾಖಲೆಯ ಅಗತ್ಯವಿದೆ. ಗಡಿಯಾಚೆಯ ಕೇರಳದ ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್-ತಾ, ಇವುಗಳ ಜೊತೆಗೆ ಮಲ್ಲಕಂಬ 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದ ಸ್ಪರ್ಧೆಗಳಾದವು. ತುಳುನಾಡಿನ ಗರಡಿಯ ಸುರಿಯ ಮಾತ್ರ ಇಂದಿಗೂ ನೇಮದ ಆಯುಧವಾಗಿಯೇ ಇದೆ.