ವೈದ್ಯರ ಕೈ, ವೈದ್ಯರ ಮನಸ್ಸು: ಆಸ್ಪತ್ರೆ ಸೋಂಕಿನ ಚರಿತ್ರೆಯ ಒಂದು ಅಧ್ಯಯನ

ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರನ್ನು ಬಾಣಂತಿ ಜ್ವರ ಗುಂಪುಗುಂಪಾಗಿ ಬಲಿ ತೆಗೆದುಕೊಳ್ಳುತ್ತಿದ್ದ ಕಾಲವದು. ಈ ಜ್ವರವನ್ನು ಹೊತ್ತೊಯ್ಯುವವರು ವೈದ್ಯರು ಮತ್ತು ಸೂಲಗಿತ್ತಿಯರೇ ಎಂದು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲೇ ಬರೆದಿದ್ದರು. 1843ರಲ್ಲಿ ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ ಅದನ್ನೇ ಹೇಳಿದಾಗ ಫಿಲಡೆಲ್ಫಿಯಾದ ಪ್ರಸೂತಿ ಪ್ರಾಧ್ಯಾಪಕ ಚಾರ್ಲ್ಸ್ ಮೀಗ್ಸ್ ಸಿಡಿದುಬಿದ್ದರು. ವೈದ್ಯ ಸಂಭಾವಿತ, ಸಂಭಾವಿತರ ಕೈ ಶುದ್ಧ ಎಂಬುದು ಅವರ ವಾದ. ಸಾಕ್ಷ್ಯಕ್ಕೆ ಅಡ್ಡ ನಿಂತದ್ದು ವೃತ್ತಿಯ ಮರ್ಯಾದೆ.

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದು ವೈದ್ಯ ವಿದ್ಯಾರ್ಥಿಗಳ ತರಬೇತಿಗೆ, ಎರಡನೆಯದು ಸೂಲಗಿತ್ತಿಯರ ತರಬೇತಿಗೆ. 1846ರಲ್ಲಿ ಮೊದಲ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರು. ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ಊರಿನ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸೇರಿಸಿಕೊಳ್ಳುವ ಸರದಿ ಮೊದಲ ವಿಭಾಗದ್ದಾದ ದಿನ ಬಂದ ಬಸುರಿಯರು ತಮ್ಮನ್ನು ಅಲ್ಲಿಗೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರು. ಬೀದಿಯಲ್ಲೇ ಹೆತ್ತು ಬಂದವರಿಗೆ ಜ್ವರ ಬರುವುದು ಅಪರೂಪವೆಂಬುದನ್ನು ಅಲ್ಲಿನ ಸಹಾಯಕ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಗಮನಿಸಿದರು.

1847ರ ಮಾರ್ಚ್‌ನಲ್ಲಿ ಅವರ ಮಿತ್ರ, ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ನಂಜೇರಿ ಸತ್ತರು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರ ಶವಗಳಲ್ಲಿ ಕಂಡಂಥವೇ. ಶವಾಗಾರದಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದ ವಿದ್ಯಾರ್ಥಿಗಳ ಕೈಯಲ್ಲಿ ಸೋಪು ಹಾಕಿ ತೊಳೆದರೂ ಹೆಣದ ವಾಸನೆ ಉಳಿಯುತ್ತಿತ್ತು. ಮೇ ಮಧ್ಯದಲ್ಲಿ ಸೆಮ್ಮೆಲ್‌ವೈಸ್ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇ. 18 ದಾಟಿದ್ದ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ, ಗರ್ಭಕೋಶದ ಕ್ಯಾನ್ಸರ್ ಇದ್ದ ಒಬ್ಬಾಕೆಯನ್ನು ಮುಟ್ಟಿದ ಕೈಗಳೇ ಉಳಿದವರನ್ನೂ ಪರೀಕ್ಷಿಸಿದ್ದರಿಂದ 12 ಮಂದಿಯಲ್ಲಿ 11 ಜನ ಸತ್ತರು. ಹೆಣವನ್ನು ಮುಟ್ಟಿದ ಕೈಯಷ್ಟೇ ಅಪಾಯವಲ್ಲ, ಜೀವಂತ ರೋಗಿಯನ್ನು ಮುಟ್ಟಿದ ಕೈಯೂ ಅಪಾಯವೆಂದು ಆಗ ತಿಳಿಯಿತು.

ಇಷ್ಟಾದರೂ ಹೆಚ್ಚಿನ ಹಿರಿಯ ವೈದ್ಯರು ಒಪ್ಪಲಿಲ್ಲ. ಒಪ್ಪುವುದೆಂದರೆ ಇಷ್ಟು ವರ್ಷ ಕೊಂದವರು ನಾವೇ ಎಂದು ಒಪ್ಪಿದಂತೆ. ಆ ಭಾರ ಎಷ್ಟೆಂದು ತಿಳಿಯಲು ಜರ್ಮನಿಯ ಕೀಲ್ ನಗರದ ಪ್ರಸೂತಿ ತಜ್ಞ ಗುಸ್ತಾವ್ ಮಿಖಾಯೆಲಿಸ್ ಅವರನ್ನು ನೆನೆಯಬೇಕು. ತಾವೇ ಹೆರಿಗೆ ಮಾಡಿಸಿದ ಸೋದರ ಸಂಬಂಧಿ ಬಾಣಂತಿ ಜ್ವರದಿಂದ ತೀರಿಕೊಂಡಿದ್ದಳು. ಸೆಮ್ಮೆಲ್‌ವೈಸ್ ಹೇಳಿದ್ದನ್ನು ನಂಬಿದ ಅವರು 1848ರಲ್ಲಿ ರೈಲಿಗೆ ತಲೆಕೊಟ್ಟರು. ಸೆಮ್ಮೆಲ್‌ವೈಸ್ ಕೂಡ ಇದನ್ನೆಲ್ಲ ವಿವರಿಸುವ ತಮ್ಮ ಗ್ರಂಥವನ್ನು ಹೊರತಂದದ್ದು 1861ರಷ್ಟು ತಡವಾಗಿ. ಆಮೇಲೆ ಬಹಿರಂಗ ಪತ್ರಗಳಲ್ಲಿ ವಿರೋಧಿಗಳನ್ನು ಕೊಲೆಗಾರರೆಂದು ಕರೆದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದರಿಂದ ಒಂದು ಕೈಯೂ ಹೆಚ್ಚಿಗೆ ತೊಳೆಯಲ್ಪಟ್ಟಂತೆ ಕಾಣುವುದಿಲ್ಲ. 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ, 47ರ ವಯಸ್ಸಿನಲ್ಲಿ ತೀರಿಕೊಂಡರು.

ವಿಜ್ಞಾನಿ ಪಾಶ್ಚರ್, ಶಸ್ತ್ರವೈದ್ಯ ಲಿಸ್ಟರ್ ಬಂದ ಮೇಲೆ ಸೋಂಕಿಗೆ ಕ್ರಿಮಿಗಳೇ ಕಾರಣವೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆದರೆ ನಡವಳಿಕೆ ತಿಳಿವಳಿಕೆಯ ಹಿಂದೆ ಹೋಗಲಿಲ್ಲ. 1994ರಲ್ಲಿ ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಿಡಿಯೇ ಪಿಟೆ ಅವರ ತಂಡ ಗಮನಿಸಿದಾಗ, ಕೈ ಶುಚಿಗೊಳಿಸಬೇಕಾದ ಸಂದರ್ಭಗಳಲ್ಲಿ ಸಿಬ್ಬಂದಿ ಹಾಗೆ ಮಾಡಿದ್ದು ಶೇ. 48ರಷ್ಟು ಮಾತ್ರ. ಕೆಲಸದ ಒತ್ತಡ ಹೆಚ್ಚಿದಷ್ಟೂ ಪಾಲನೆ ಕುಸಿಯುತ್ತಿತ್ತು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ: ಪ್ರತಿ ಸಲವೂ ನಲ್ಲಿಯವರೆಗೆ ನಡೆದು ಸೋಪಿನಲ್ಲಿ ಕೈ ತೊಳೆದು ಬರುವಷ್ಟು ಬಿಡುವು ದಾದಿಯರಿಗೆ ಇರಲೇ ಇಲ್ಲ. ತಂಡ ಹಾಸಿಗೆಯ ಪಕ್ಕಕ್ಕೇ ಆಲ್ಕೋಹಾಲ್ ದ್ರಾವಣದ ಬಾಟಲಿ ತಂದಿತು, ಗೋಡೆಗಳಿಗೆ ಪೋಸ್ಟರ್ ಹಚ್ಚಿತು. 1997ರ ಹೊತ್ತಿಗೆ ಪಾಲನೆ ಶೇ. 66ಕ್ಕೆ ಏರಿತು, ಆಸ್ಪತ್ರೆ ಸೋಂಕು ಶೇ. 16.9ರಿಂದ 1998ಕ್ಕೆ ಶೇ. 9.9ಕ್ಕೆ ಇಳಿಯಿತು. ಈ ಏರಿಕೆ ಕಂಡದ್ದು ದಾದಿಯರಲ್ಲಿ ಮತ್ತು ಅವರ ಸಹಾಯಕರಲ್ಲಿ. ವೈದ್ಯರ ಪಾಲನೆ ಕೊನೆಯವರೆಗೂ ಕಳಪೆಯಾಗಿಯೇ ಉಳಿಯಿತು.