ಬಣ್ಣವಿಲ್ಲದೆ ಕಂಡ ಜೀವಕೋಶ: ಜೆರ್ನಿಕೆಯ ಶೋಧ ಮತ್ತು ಅದರ ಉಪೇಕ್ಷೆ

ಜರ್ಮನ್ ಅಂಗರಚನಾಶಾಸ್ತ್ರಜ್ಞ ವಾಲ್ಡೆಯರ್ 1888ರಲ್ಲಿ ಕೋಶಕೇಂದ್ರದೊಳಗಿನ ದಾರದಂಥ ಕಾಯಗಳಿಗೆ ಕ್ರೋಮೊಸೋಮ್ ಎಂದು ನಾಮಕರಣ ಮಾಡಿದನು. ಬಣ್ಣದ ಕಾಯವೆಂದು ಆ ಗ್ರೀಕ್ ಮೂಲದ ಪದಕ್ಕೆ ಅರ್ಥ. ವಸ್ತುವಿನ ಸ್ವಭಾವಕ್ಕಿಂತ ಅದನ್ನು ಕಂಡವರ ಉಪಾಯವನ್ನೇ ಈ ಹೆಸರು ಹೆಚ್ಚಾಗಿ ಸಾರುತ್ತದೆ. ಜೀವಕೋಶವು ಬಹುಪಾಲು ನೀರು. ಬೆಳಕು ಅದನ್ನು ತೂರಿ ಹಾಗೆಯೇ ಹೊರಟುಹೋಗುತ್ತದೆ. ಆದುದರಿಂದ 19ನೆಯ ಶತಮಾನದ ವಿದ್ವಾಂಸರು ಅದನ್ನು ಮದ್ಯಸಾರದಲ್ಲಿಯೋ ಆಮ್ಲದಲ್ಲಿಯೋ ಅದ್ದಿ, ಕಾರ್ಮೈನ್, ಹೆಮಟಾಕ್ಸಿಲಿನ್, ಅನಿಲೀನ್ ವರ್ಣಗಳಿಂದ ರಂಜಿಸಿ ನೋಡಿದರು. ಕೋಶವಿಜ್ಞಾನವು ಈ ಕ್ರಮದಿಂದಲೇ ಬೆಳೆಯಿತೆಂಬುದು ನಿರ್ವಿವಾದ. ಆದರೆ ಕೆಲವೇ ಸೌಮ್ಯ ವರ್ಣಗಳನ್ನು ಬಿಟ್ಟರೆ, ಹೀಗೆ ನೋಡಿದ ಕೋಶವು ಸತ್ತ ಕೋಶ. ವಿಭಜನೆಯ ವೇಳೆ ಕ್ರೋಮೊಸೋಮುಗಳ ನಡುವೆ ಕದಿರಿನಾಕಾರದಲ್ಲಿ ತೋರುವ ಎಳೆಗಳು ನಿಜವಾಗಿಯೂ ಇವೆಯೋ, ಅಥವಾ ರಾಸಾಯನಿಕಗಳಿಂದ ಹೆಪ್ಪುಗಟ್ಟಿದ ವಿಕಾರಗಳೋ ಎಂಬ ವಿವಾದವು ದಶಕಗಳ ಕಾಲ ಬಗೆಹರಿಯದೆ ಉಳಿಯಿತು.

ವಾಸ್ತವವಾಗಿ ಬೆಳಕು ಕೋಶದಿಂದ ಬರಿಗೈಯಲ್ಲಿ ಹೊರಬರುವುದಿಲ್ಲ. ನೀರಿನ ವಕ್ರೀಭವನಾಂಕ 1.33, ಕೋಶದ್ರವ್ಯದ್ದು ಸುಮಾರು 1.36. ಐದು ಮೈಕ್ರಾನ್ ದಪ್ಪದ ಕೋಶವನ್ನು ದಾಟಿದ ಹಸುರು ಬೆಳಕಿನ ಅಲೆಯು ಪಕ್ಕದ ನೀರಿನಲ್ಲಿ ಸಾಗಿದ ಅಲೆಗಿಂತ ಹೆಚ್ಚುಕಡಿಮೆ ಕಾಲು ಅಲೆಯಷ್ಟು ಹಿಂದೆ ಬೀಳುತ್ತದೆ. ಅಲೆಯ ಈ ಹಿಂದುಮುಂದಿಗೆ ಪ್ರಾವಸ್ಥಾಭೇದವೆಂದು ಹೆಸರು. ಕಣ್ಣು ಅರಿಯುವುದು ಪ್ರಕಾಶವನ್ನು ಮತ್ತು ಬಣ್ಣವನ್ನು, ಪ್ರಾವಸ್ಥೆಯನ್ನಲ್ಲ. ವಾರ್ತೆ ಬಂದಿತ್ತು, ಓದುವ ಲಿಪಿ ತಿಳಿದಿರಲಿಲ್ಲ.

ಅದನ್ನು ಓದಿದವನು ಫ್ರಿಟ್ಸ್ ಜೆರ್ನಿಕೆ. ವಾಲ್ಡೆಯರ್ ಆ ಹೆಸರಿಟ್ಟ ವರ್ಷದಲ್ಲಿಯೇ ಆಮ್‌ಸ್ಟರ್‌ಡಾಮಿನಲ್ಲಿ ಹುಟ್ಟಿದ ಈತನು ಹಾಲೆಂಡಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ. ಜೀವಶಾಸ್ತ್ರವು ಆತನ ಕ್ಷೇತ್ರವೇ ಅಲ್ಲ. 1930ರ ಸುಮಾರಿಗೆ ಆತನ ಪ್ರಯೋಗಾಲಯಕ್ಕೆ ದೊಡ್ಡದೊಂದು ನಿಮ್ನ ವಿವರ್ತನ ಜಾಲರಿ ಬಂದಿತು. ಗೆರೆಗಳ ಅಂತರದಲ್ಲಿ ಅತ್ಯಲ್ಪ ದೋಷವಿದ್ದರೂ ಇಂಥ ಜಾಲರಿಯ ಮೈಮೇಲೆ ಪಟ್ಟೆಗಳು ತೋರುವುದುಂಟು. ಆರು ಮೀಟರ್ ದೂರದಿಂದ ಜೆರ್ನಿಕೆ ಸಣ್ಣ ದೂರದರ್ಶಕವನ್ನು ಅದರತ್ತ ತಿರುಗಿಸಿದಾಗ ಪಟ್ಟೆಗಳು ಸ್ಪಷ್ಟವಾಗಿಯೇ ಕಂಡವು. ದೂರದರ್ಶಕವನ್ನು ಜಾಲರಿಯ ಮೈಗೆ ಸರಿಯಾಗಿ ಹೊಂದಿಸಿದೊಡನೆಯೇ ಮಾಯವಾದವು! ಉಪಕರಣವನ್ನು ಸರಿಪಡಿಸಿದಷ್ಟೂ ವಸ್ತು ಕಾಣದಾಗುವುದು ವಿಚಿತ್ರವೇ ಸರಿ. ಪಟ್ಟೆಗಳಲ್ಲಿದ್ದುದು ಬರಿಯ ಪ್ರಾವಸ್ಥಾಭೇದವೆಂದು ಆತನು ಊಹಿಸಿದನು. ಇಂಥ ವಸ್ತುವಿನಿಂದ ಚದರಿದ ಬೆಳಕು ನೇರ ಬೆಳಕಿಗಿಂತ ಕಾಲು ಅಲೆ ಹಿಂದುಳಿದಿರುವುದರಿಂದ ಅವೆರಡೂ ಕೂಡಿದಾಗ ಪ್ರಕಾಶದಲ್ಲಿ ವ್ಯತ್ಯಾಸವೇ ತೋರದು. ನೇರ ಬೆಳಕನ್ನೂ ಕಾಲು ಅಲೆಯಷ್ಟು ಸರಿಸಿಬಿಟ್ಟರೆ? ಸಣ್ಣ ಗೀರು ಕೊರೆದ ಗಾಜಿನ ಫಲಕ ಆ ಕೆಲಸಕ್ಕೆ ಸಾಕಾಯಿತು. ಆಗ ಎರಡು ಅಲೆಗಳು ಒಂದನ್ನೊಂದು ಹೆಚ್ಚಿಸುತ್ತವೆ ಅಥವಾ ಕುಗ್ಗಿಸುತ್ತವೆ. ಅದೃಶ್ಯ ಭೇದವು ಬೆಳಕು ಕತ್ತಲೆಗಳಾಗಿ ಮಾರ್ಪಡುತ್ತದೆ.

ಇದೇ ಉಪಾಯ ಸೂಕ್ಷ್ಮದರ್ಶಕಕ್ಕೂ ಸಲ್ಲುವುದೆಂದರಿತ ಜೆರ್ನಿಕೆ 1932ರಲ್ಲಿ ಯೇನಾ ನಗರದ ಜೈಸ್ ಕಾರ್ಖಾನೆಗೆ ಹೋಗಿ ಅದನ್ನು ತೋರಿಸಿದನು. ಆ ಸಂಸ್ಥೆಯನ್ನು ಪ್ರಸಿದ್ಧಿಗೆ ತಂದವನು ಅರ್ನ್ಸ್ಟ್ ಆಬೆ. ಸೂಕ್ಷ್ಮದರ್ಶಕದಲ್ಲಿ ಬಿಂಬ ಮೂಡುವ ಬಗೆಯನ್ನು 1873ರಲ್ಲಿ ವಿವರಿಸಿದವನೂ ಅವನೇ. ಜೆರ್ನಿಕೆ ಕಟ್ಟಿದ್ದು ಆ ತಳಹದಿಯ ಮೇಲೆಯೇ. ಆದರೂ ನಿರೀಕ್ಷಿಸಿದ ಸ್ವಾಗತ ದೊರೆಯಲಿಲ್ಲ. ಇದರಲ್ಲಿ ಪ್ರಯೋಜನವಿದ್ದಿದ್ದರೆ ತಾವೇ ಎಂದೋ ಕಂಡುಹಿಡಿದಿರುತ್ತಿದ್ದೆವೆಂದು ಅಲ್ಲಿಯ ಹಿರಿಯ ವಿಜ್ಞಾನಿಯೊಬ್ಬನು ಹೇಳಿದುದನ್ನು ಜೆರ್ನಿಕೆ ತನ್ನ ನೊಬೆಲ್ ಉಪನ್ಯಾಸದಲ್ಲಿ ಸ್ಮರಿಸಿದ್ದಾನೆ. ಇದು ಅಜ್ಞಾನಿಯ ಮಾತಲ್ಲ. ಶಾಸ್ತ್ರವೆಲ್ಲವೂ ತನ್ನ ಮನೆಯಲ್ಲಿದೆಯೆಂದು ನಂಬಿದ ಪಂಡಿತನ ಮಾತು. ಇಂಥ ಯಂತ್ರಗಳು ಕಾರ್ಖಾನೆಯಿಂದ ಹೊರಬಂದದ್ದು ಯುದ್ಧದ ನಡುವೆ, 1941ರ ಸುಮಾರಿಗೆ. ಅದೇ ಕಾರ್ಖಾನೆಯ ಕುರ್ಟ್ ಮಿಖೆಲ್ ಮಿಡತೆಯ ವೀರ್ಯಜನಕ ಕೋಶಗಳ ವಿಭಜನೆಯನ್ನು ಈ ಕ್ರಮದಲ್ಲಿ ಚಲನಚಿತ್ರವಾಗಿ ಹಿಡಿದನು. ಬಣ್ಣದ ಕಾಯಗಳು ಬಣ್ಣವಿಲ್ಲದೆಯೇ, ಬದುಕಿರುವ ಕೋಶದಲ್ಲಿ, ಚಲಿಸಿ ಬೇರ್ಪಡುವುದನ್ನು ಜನರು ನೋಡಿದರು. ಜೆರ್ನಿಕೆಗೆ ನೊಬೆಲ್ ಪಾರಿತೋಷಕ ಬಂದದ್ದು 1953ರಲ್ಲಿ.

ಕದಿರಿನೆಳೆಗಳ ವಿವಾದವೂ ಅದೇ ವರ್ಷ ಬಹುಮಟ್ಟಿಗೆ ಇತ್ಯರ್ಥವಾಯಿತು. ಶಿನ್ಯಾ ಇನೊವೆ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಜೀವಂತ ಕೋಶಗಳಲ್ಲಿಯೇ ಆ ಎಳೆಗಳನ್ನು ತೋರಿಸಿಕೊಟ್ಟನು. ಇಲ್ಲಿಯೂ ವರ್ಣದ ಸ್ಪರ್ಶವಿಲ್ಲ. ಇದಕ್ಕೆ ಒಂದು ವರ್ಷ ಮೊದಲು, 1952ರಲ್ಲಿ, ಆಕ್ಸ್‌ಫರ್ಡಿನ ರಾಬರ್ಟ್ ಬ್ಯಾರರ್ ಮತ್ತೊಂದು ಹೆಜ್ಜೆ ಮುಂದಿಟ್ಟಿದ್ದನು: ಬೆಳಕು ಹಿಂದೆ ಬಿದ್ದ ಪ್ರಮಾಣವು ಕೋಶದಲ್ಲಿ ನೀರನ್ನುಳಿದು ಇರುವ ದ್ರವ್ಯದ ರಾಶಿಗೆ ಅನುಗುಣವಾದುದರಿಂದ, ಆ ಭೇದವನ್ನು ಅಳೆದು ಬದುಕಿರುವ ಕೋಶವನ್ನು ತೂಗಬಹುದು. ಇಂದು ಗಣಕಯಂತ್ರಗಳು ಹಾಲೊಗ್ರಫಿಯ ನೆರವಿನಿಂದ ಕೋಶದ ಬೆಳವಣಿಗೆಯನ್ನು ಗಳಿಗೆ ಗಳಿಗೆಗೂ ಅಳೆಯುವುದು ಇದೇ ತತ್ತ್ವದಿಂದ.

ಈ ಕ್ರಮಕ್ಕೂ ಕುಂದುಗಳಿವೆ. ದಪ್ಪ ವಸ್ತುವಿನ ಅಂಚಿನಲ್ಲಿ ಇಲ್ಲದ ಪ್ರಭಾವಳಿಯೊಂದು ತೋರುತ್ತದೆ. ನೊಮಾರ್ಸ್ಕಿ 1950ರ ದಶಕದಲ್ಲಿ ರೂಪಿಸಿದ ವ್ಯತಿಕರಣ ವಿಧಾನದಲ್ಲಿ ಆ ದೋಷವಿಲ್ಲ. ಹಿಂದೆ ಬಿದ್ದ ಅಲೆಯು ಕೋಶದಲ್ಲಿ ಎಷ್ಟು ದ್ರವ್ಯವಿದೆಯೆಂದು ಹೇಳುವುದೇ ಹೊರತು, ಅದು ಯಾವ ಪ್ರೋಟೀನೆಂದು ಹೇಳಲಾರದು. ಅದಕ್ಕಾಗಿ ಹೊಳೆಯುವ ಗುರುತುಗಳನ್ನು ಕೋಶಕ್ಕೆ ಸೇರಿಸುವ ಪದ್ಧತಿಯೇ ಇಂದು ಪ್ರಬಲವಾಗಿದೆ. ಅದರ ತೀವ್ರ ಬೆಳಕಿಗೆ ಕೋಶಗಳು ಬಳಲುವುದೂ ಉಂಟು. ಆದರೂ ಬಟ್ಟಲುಗಳಲ್ಲಿ ಕೋಶಗಳನ್ನು ಬೆಳೆಸುವ ಪ್ರಯೋಗಾಲಯಗಳಲ್ಲಿ, ಅವು ಬದುಕಿವೆಯೇ ಎಂದು ದಿನವೂ ಮೊದಲು ನೋಡುವುದು ಸಾಮಾನ್ಯವಾಗಿ ಜೆರ್ನಿಕೆಯ ಫಲಕವುಳ್ಳ ಸೂಕ್ಷ್ಮದರ್ಶಕದಲ್ಲಿಯೇ.